ನಷ್ಟ ಯಾರ ಲೆಕ್ಕಕ್ಕೆ?

ಹಿರಿಯೂರಿನಿಂದ ತಂಗಿಯ ಮಗಳು ಫೋನ್ ಮಾಡಿದ್ದಳು. ಬಬ್ಬೂರು ಫಾರಂನ ತೋಟಗಾರಿಕೆ ಕಾಲೇಜಿನಲ್ಲಿ ಅವಳದು ಕೊನೆಯ ವರ್ಷ. ಊಟ ಆಯಿತಾ ಎಂದು ಕೇಳುವ ಶಾಸ್ತ್ರವನ್ನೂ ಮುಗಿಸದೆ, "ಮಾಮ, ನಿಮ್ದೊಂದು ಸಹಿ ಬೇಕಿತ್ತು" ಎಂದಳು. ಅವಳೂ ಇಬ್ಬರು ಗೆಳತಿಯರೂ ಸೇರಿ ದಾಳಿಂಬೆ ರಸದ ಘಟಕ ಮಾಡಬೇಕೆಂದು ಹೊರಟಿದ್ದಾರೆ. ಸಿಪ್ಪೆ ಬಿರಿದ ಹಣ್ಣನ್ನು ವ್ಯಾಪಾರಿಗಳು ತೋಟದಲ್ಲೇ ಆರಿಸಿ ಪಕ್ಕಕ್ಕೆ ಎಸೆಯುತ್ತಾರೆ, ಇಲ್ಲವೆ ಬಾಯಿಗೆ ಬಂದ ಬೆಲೆಗೆ ಕೇಳುತ್ತಾರೆ. ಬಿರಿದ ದಿನವೇ ಬಿಡಿಸಿಕೊಂಡರೆ ಒಳಗಿನ ಕಾಳಿಗೆ ಏನೂ ಆಗಿರುವುದಿಲ್ಲ. ಯಂತ್ರಕ್ಕೂ ಫ್ರೀಜರಿಗೂ ಸಾಲ ಕೇಳಲು ಬ್ಯಾಂಕಿಗೆ ಹೋದರೆ, ಇಂಥ ಸಣ್ಣ ಸಾಲಕ್ಕೆ ಅಡಮಾನ ಕೇಳಬಾರದೆಂಬ ನಿಯಮ ಇದ್ದರೂ, "ಮನೆಯ ದೊಡ್ಡೋರು ಯಾರಾದ್ರೂ ಜೊತೆಗೆ ಸಹಿ ಹಾಕಿದ್ರೆ ಸಲೀಸು" ಎಂದರಂತೆ. ಅಪ್ಪನನ್ನು ಕೇಳಲು ಬಾಯಿ ಬರಲಿಲ್ಲ. ಮಾಮ ಬ್ಯಾಂಕಿನಲ್ಲಿದ್ದು ನಿವೃತ್ತನಾದವನು, ಸಹಿಗೆ ಹೆದರುವವನಲ್ಲ ಎಂದುಕೊಂಡಿದ್ದಾಳೆ.

ಫೋನ್ ಇಟ್ಟ ಮೇಲೆ ನನಗೆ ನೆನಪಾದದ್ದು ದಾಳಿಂಬೆಯಲ್ಲ, ಹೊಸದುರ್ಗದ ತೆಂಗಿನಕಾಯಿ.

1995. ಗುಮಾಸ್ತನಾಗಿದ್ದವನು ಬಡ್ತಿ ಪಡೆದು ಫೀಲ್ಡ್ ಆಫೀಸರ್ ಆಗಿ ಹೊಸದುರ್ಗದ ಶಾಖೆಗೆ ಬಂದಿದ್ದೆ. ಜಿಲ್ಲೆ ಇನ್ನೂ ಒಡೆದಿರಲಿಲ್ಲ. ದಾವಣಗೆರೆಯೂ ನಮ್ಮದೇ ಆಗಿತ್ತು. ನಮ್ಮ ಕಾಲದಲ್ಲಿ ಚಿತ್ರದುರ್ಗದಲ್ಲಿ ಓದಿದವರಿಗೆ ಪದವಿ ಕೊಡುತ್ತಿದ್ದದ್ದು ಮೈಸೂರು ವಿಶ್ವವಿದ್ಯಾಲಯ. ಅಷ್ಟೊತ್ತಿಗೆ ಕುವೆಂಪು ವಿಶ್ವವಿದ್ಯಾಲಯ ಬಂದು ಕೆಲವು ವರ್ಷ ಆಗಿತ್ತು. ಅದರ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಹುಡುಗರು ಶಾಖೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಎಲ್ಲರ ಬಾಯಲ್ಲೂ ಪಿಎಂಆರ್‌ವೈ. 1993ರ ಅಕ್ಟೋಬರ್ 2ರಂದು ಶುರುವಾದ ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆ ಮೊದಲ ವರ್ಷ ನಗರಗಳಿಗಷ್ಟೇ ಇದ್ದು, ಮರುವರ್ಷ ಹಳ್ಳಿಗಳಿಗೂ ಇಳಿದಿತ್ತು. ಒಂದು ಲಕ್ಷ ರೂಪಾಯಿವರೆಗಿನ ಘಟಕ, ಶೇ 5 ಸ್ವಂತ ದುಡ್ಡು, ಶೇ 15 ಸಬ್ಸಿಡಿ. ಆ ಸಬ್ಸಿಡಿಯೂ 7,500 ದಾಟುವಂತಿಲ್ಲ. ಮನೆಯ ವರ್ಷದ ವರಮಾನ 24 ಸಾವಿರದೊಳಗಿರಬೇಕು. ಅಡಮಾನ ಬೇಡ. ಚಿತ್ರದುರ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸಂದರ್ಶನ ಆಗಿ, ಹೆಸರುಗಳ ಪಟ್ಟಿ ನಮ್ಮ ಮೇಜಿಗೆ ಬರುತ್ತಿತ್ತು.

ಆ ಪಟ್ಟಿಯಲ್ಲಿ ಬಿ.ಎಸ್ಸಿ. ಮಾಡಿದ ಒಬ್ಬ ಹುಡುಗ. ಓದಿದ್ದು ಭೌತಶಾಸ್ತ್ರ, ಮನೆಯಲ್ಲಿ ಒಂದಿಷ್ಟು ತೆಂಗಿನ ತೋಟ. ಒಂದು ದಿನ ಸೈಕಲ್ಲಿನ ಕ್ಯಾರಿಯರಿಗೆ ಗೋಣಿಚೀಲದಲ್ಲಿ ಸುತ್ತಿದ ಕಬ್ಬಿಣದ ಸಾಮಾನು ಕಟ್ಟಿಕೊಂಡು ಬಂದ. ನಮ್ಮ ಕಡೆ ಕಾಯಿ ಸುಲಿಯುವುದೆಂದರೆ ನೆಲಕ್ಕೆ ನೆಟ್ಟ ಚೂಪು ಗೂಟಕ್ಕೆ ಎರಡೂ ಕೈಯಿಂದ ಕಾಯಿ ಚುಚ್ಚಿ ತಿರುವುವುದು. ತೋಳಿನ ಬಲ ಬೇಕು, ಅಳತೆ ತಪ್ಪಿದರೆ ಅಂಗೈಗೇ ಗೂಟ. ಇವನ ಸಾಮಾನಿನಲ್ಲಿ ಎರಡು ಬಾಯಿಗಳಿದ್ದವು. ಒಂದು ಸ್ಟ್ಯಾಂಡಿಗೆ ಗಟ್ಟಿಯಾಗಿ ಕೂತದ್ದು, ಇನ್ನೊಂದು ಕೀಲಿನ ಮೇಲೆ ಆಡುವಂಥದ್ದು. ಕಾಯಿಯನ್ನು ಮೇಲಿನಿಂದ ಚುಚ್ಚಿ ಹಿಡಿಕೆ ಎಳೆದರೆ ಎರಡು ಬಾಯಿಗಳೂ ಅಗಲವಾಗಿ ಸಿಪ್ಪೆ ಸೀಳಿಕೊಳ್ಳುತ್ತಿತ್ತು. ಊರಿನ ಕಮ್ಮಾರನ ಹತ್ತಿರ ಕೂತು ಮಾಡಿಸಿದ್ದ. ಬ್ಯಾಂಕಿನ ಜಗಲಿಯ ಮೇಲೇ ಒಂದು ಕಾಯಿ ಸುಲಿದು ತೋರಿಸಿದ. ಖಾತೆಗೆ ದುಡ್ಡು ಕಟ್ಟಲು ಬಂದಿದ್ದ ಹೆಂಗಸೊಬ್ಬರು ತಾವೂ ಒಂದು ಕೈ ನೋಡುತ್ತೇನೆಂದು ಸೆರಗು ಸಿಕ್ಕಿಸಿಕೊಂಡು ಎಳೆದರು; ಅವರಿಗೂ ಬಂತು.

ಮ್ಯಾನೇಜರು ಒಳ್ಳೆಯವರು. ಬಿದ್ದ ನಾರನ್ನು ಕಾಲಿನಲ್ಲಿ ಸರಿಸುತ್ತಾ, "ಚೆನ್ನಾಗೈತಪ್ಪ. ಆದ್ರೆ ಇದರ ಯೂನಿಟ್ ಕಾಸ್ಟ್ ಯಾವ ಪುಸ್ತಕದಾಗೆ ಐತೆ?" ಎಂದರು. ಪುಸ್ತಕದಲ್ಲಿ ಇದ್ದದ್ದು ಜೆರಾಕ್ಸ್, ಎಸ್‌ಟಿಡಿ ಬೂತು, ಹಿಟ್ಟಿನ ಗಿರಣಿ, ಟೈಲರಿಂಗ್, ಸಿಮೆಂಟ್ ಇಟ್ಟಿಗೆ, ಫೋಟೊ ಸ್ಟುಡಿಯೊ. ಇವುಗಳಿಗೆ ಎಷ್ಟು ಬಂಡವಾಳ, ತಿಂಗಳಿಗೆ ಎಷ್ಟು ಆದಾಯ ಎಂಬ ಲೆಕ್ಕ ಮೊದಲೇ ಅಚ್ಚಾಗಿತ್ತು. ಹೊಸದೆಂಬುದಕ್ಕೆ ಅಚ್ಚಾದ ಲೆಕ್ಕ ಇರುವುದಿಲ್ಲ.

ಎರಡು ದಿನ ಬಿಟ್ಟು ಹುಡುಗನ ಅಪ್ಪ ಬಂದರು. ಅಡಮಾನ ಬೇಡವೆಂದು ಕಾಗದ ಹೇಳಿದರೂ ಶಾಖೆಯ ರೂಢಿ ಬೇರೆಯೇ. ಪಹಣಿ ತರಲು ಹೇಳಿ ಕಳಿಸಿದ್ದರು. ಕುರ್ಚಿಯ ಅಂಚಿನಲ್ಲಿ ಕೂತು ಅವರು ಕೇಳಿದ್ದು ಒಂದೇ ಮಾತು: "ಹುಡುಗ ಸೋತ ಅಂದ್ರೆ ನೀವು ನಮ್ ತೋಟದ ತಂಟೆಗೆ ಬರಲ್ಲ ತಾನೆ ಸಾರ್?" ಮ್ಯಾನೇಜರು ನಕ್ಕು ಟೀ ತರಿಸಿದರು. ಉತ್ತರ ಬರಲಿಲ್ಲ. ಮುಂದಿನ ವಾರ ಅರ್ಜಿಯಲ್ಲಿ ಉದ್ಯಮದ ಹೆಸರು ಬದಲಾಗಿತ್ತು. ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಮತ್ತು ಎಸ್‌ಟಿಡಿ. ಆ ಮನೆಯ ಮಟ್ಟಿಗೆ ಅದು ಜಾಣ ತೀರ್ಮಾನವೇ ಆಗಿತ್ತು. ಸಾಲವೂ ತೀರಿತು. ಮೊಬೈಲ್ ಬಂದು ಬೂತು ಮುಚ್ಚಿದ ಮೇಲೆ ಆತ ಪೀಣ್ಯಕ್ಕೆ ಹೋಗಿ ಯಾವುದೋ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾದನೆಂದು ಕೇಳಿದೆ. ಹಲವು ವರ್ಷ ಕಳೆದು ಕೃಷಿ ಮೇಳವೊಂದರಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ 'ಕೇರಮಿತ್ರ' ಎಂಬ ಕಾಯಿ ಸುಲಿಯುವ ಸಾಧನ ನೋಡಿದೆ. ಅದೇ ಎರಡು ಬಾಯಿ, ಅದೇ ಹಿಡಿಕೆ. ಇವನಿಗಿಂತ ಅವರು ಬುದ್ಧಿವಂತರೇ ಇರಬಹುದು. ಆದರೆ ಅವರ ಮಾದರಿ ಮೊದಲ ಸಲ ಮುರಿದಾಗ ಯಾರ ತೋಟಕ್ಕೂ ಸಂಚಕಾರ ಬರುವಂತಿರಲಿಲ್ಲ. ತಿಂಗಳ ಸಂಬಳ ನಿಲ್ಲುತ್ತಿರಲಿಲ್ಲ.

ನಮ್ಮಲ್ಲಿ ಆಗ ಅಂಥ ವ್ಯವಸ್ಥೆಯೇ ಇರಲಿಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಪ್ಪತ್ತರ ದಶಕದಿಂದಲೇ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತಿತ್ತು. ಅದು ಎಂಜಿನಿಯರಿಂಗ್ ಕಾಲೇಜುಗಳ ದಾರಿ. ಹೊಸದುರ್ಗದ ಬಿ.ಎಸ್ಸಿ. ಹುಡುಗನಿಗೆ ಆ ದಾರಿ ತೋರಿಸುವವರಿರಲಿಲ್ಲ.

ಪಿಎಂಆರ್‌ವೈ ಸಾಲ ಮಂಜೂರಾದವರಿಗೆ ತರಬೇತಿ ಕಡ್ಡಾಯವಾಗಿತ್ತು. ಚಿತ್ರದುರ್ಗದಲ್ಲಿ ರುಡ್‌ಸೆಟ್ ಸಂಸ್ಥೆ ಇತ್ತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಸಂಸ್ಥೆ ಅದು. ಉದ್ಯಮಶೀಲತಾ ತರಬೇತಿಗಳಲ್ಲಿ ಆಗ ಒಂದು ಆಟ ಆಡಿಸುತ್ತಿದ್ದರು. ಅಭ್ಯರ್ಥಿಯ ಕಣ್ಣು ಕಟ್ಟಿ, ಬಲಗೈ ಬಿಟ್ಟು ಎಡಗೈಯಲ್ಲಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಲು ಹೇಳುವುದು. ಎಷ್ಟು ಪೇರಿಸುತ್ತೀಯೆಂದು ಅವನೇ ಮೊದಲು ಹೇಳಬೇಕು. ಪಕ್ಕದಲ್ಲಿ ಇಬ್ಬರು ಕೂತು 'ಸ್ವಲ್ಪ ಎಡಕ್ಕೆ', 'ಸಾಕು ಬಿಡು' ಎನ್ನುತ್ತಿರುತ್ತಾರೆ. ಬ್ಯಾಂಕಿನ ಪರವಾಗಿ ನಾನು ಒಮ್ಮೆ ಹೋಗಿ ಕೂತಿದ್ದಾಗ, ನಮ್ಮ ಶಾಖೆಯಲ್ಲಿ ಟೈಲರಿಂಗ್ ಅಂಗಡಿಗೂ ಅನುಮಾನಿಸುತ್ತಿದ್ದ ಹುಡುಗ ಅಲ್ಲಿ ಹದಿನೈದು ತುಂಡು ಎಂದ. ಹತ್ತನೆಯದಕ್ಕೆ ಗೋಪುರ ಕುಸಿಯಿತು. ನಗುತ್ತಾ ಕಣ್ಣಿನ ಬಟ್ಟೆ ಬಿಚ್ಚಿ, "ಇನ್ನೊಂದ್ಸಲ ಕೊಡ್ರಿ ಸಾರ್, ಹದಿನಾರು ಮಾಡ್ತೀನಿ" ಎಂದ.

ನಮ್ಮ ಕಡೆಯ ಹುಡುಗರಿಗೆ ಧೈರ್ಯ ಸಾಲದು, ಎಲ್ಲರಿಗೂ ಸರ್ಕಾರಿ ನೌಕರಿಯೇ ಬೇಕು ಎಂದು ಮೇಲಧಿಕಾರಿಗಳು ಸಭೆಗಳಲ್ಲಿ ಹೇಳುತ್ತಿದ್ದರು. ನಾನೂ ತಲೆ ಆಡಿಸುತ್ತಿದ್ದೆ. ಆ ದಿನದಿಂದ ಆ ಮಾತು ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯಲಿಲ್ಲ. ತುಂಡು ಬಿದ್ದರೆ ಮರದ ತುಂಡು ಬೀಳುತ್ತದೆ ಎಂದು ಗೊತ್ತಿದ್ದಲ್ಲಿ ಹದಿನೈದು ಎನ್ನುವವನು, ಅಪ್ಪನ ಪಹಣಿ ಮೇಜಿನ ಮೇಲಿರುವಾಗ ಜೆರಾಕ್ಸ್ ಎನ್ನುತ್ತಾನೆ. ಹುಡುಗ ಅವನೇ.

ಹೊಳಲ್ಕೆರೆಗೆ ವರ್ಗವಾದಾಗ ಇದರ ಇನ್ನೊಂದು ಮುಖ ಕಂಡಿತು. ಅಡಿಕೆಯ ಸೀಮೆ, ಪಕ್ಕದ ಭೀಮಸಮುದ್ರದಲ್ಲಿ ಅಡಿಕೆಯ ದೊಡ್ಡ ವ್ಯಾಪಾರ. ಅಲ್ಲಿನ ಗಂಡುಮಕ್ಕಳು ಪಿಎಂಆರ್‌ವೈಗೆ ಅಷ್ಟಾಗಿ ಬರುತ್ತಿರಲಿಲ್ಲ. ಮಂಡಿಯಲ್ಲಿ ಕಾಕನೋ ಮಾವನೋ ಕೂರಿಸಿಕೊಂಡು ಲಕ್ಷಗಟ್ಟಲೆ ಮಾಲು ಕೈಗೆ ಕೊಡುತ್ತಿದ್ದರು. ಮೊದಲ ವರ್ಷ ಕೈ ಸುಟ್ಟುಕೊಂಡರೆ ಮನೆಯೊಳಗೇ ಬೈದು ಮುಗಿಸುತ್ತಿದ್ದರು. ಕುಲ, ನೆಂಟಸ್ತಿಕೆ, ಮಂಡಿಯ ನಂಬಿಕೆ ಸೇರಿ ನಷ್ಟವನ್ನು ಹಂಚಿಕೊಳ್ಳುತ್ತಿದ್ದವು. ಅದರ ಹೊರಗಿದ್ದವರಿಗೆ ಆ ಬಾಗಿಲು ಇಲ್ಲ. ಬಿ.ಕಾಂ. ಮುಗಿಸಿದ ಹೆಣ್ಣುಮಗಳೊಬ್ಬಳು ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಯಂತ್ರಕ್ಕೆ ಅರ್ಜಿ ಹಾಕಿದ್ದಳು. ತೋಟದಲ್ಲಿ ಉದುರಿ ಕೊಳೆಯುವ ಹಾಳೆಗೆ ಬೆಲೆ ಬರುತ್ತದೆಂಬ ಅವಳ ಲೆಕ್ಕ ನಮ್ಮ ಪುಸ್ತಕದ ಲೆಕ್ಕಕ್ಕಿಂತ ನೆಟ್ಟಗಿತ್ತು. ಅಪ್ಪ ಬಂದು ಅರ್ಜಿ ವಾಪಸು ತಗೊಂಡರು. "ಸಾಲ ಇರೋ ಹುಡುಗೀನ ಯಾರು ಮಾಡ್ಕೊಂತಾರೆ ಸಾರ್?" ಅವಳ ನಷ್ಟದ ಲೆಕ್ಕದಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು, ಅಷ್ಟೆ.

ಅದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಆಗ ರಾಘವೇಂದ್ರ ಸ್ವಾಮೀಜಿ ಇನ್ನೂ ಇದ್ದರು. ನೂರು ದಾಟಿದ ಜೀವ. 1943ರಲ್ಲಿ ಅನಾಥಸೇವಾಶ್ರಮ ಕಟ್ಟಿ, ಜೋಳಿಗೆ ಹಿಡಿದು ತಿರುಗಿ, ತಮ್ಮನ್ನು 'ತಿರುಕ' ಎಂದೇ ಕರೆದುಕೊಂಡು, ಯೋಗ, ಆಯುರ್ವೇದ, ಶಾಲೆ ಎಂದು ಒಂದೊಂದನ್ನೇ ನಿಲ್ಲಿಸಿದವರು. ಭಾಷಣಗಳಲ್ಲಿ ಅವರನ್ನು ಹುಡುಗರಿಗೆ ಆದರ್ಶವೆಂದು ತೋರಿಸುತ್ತಿದ್ದೆವು. ಆದರ್ಶ ಹೌದು. ಆದರೆ ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ, ಒತ್ತೆ ಇಡಲು ತೋಟವಿರಲಿಲ್ಲ; ಜೋಳಿಗೆ ಖಾಲಿ ಬಂದರೆ ಒಂದು ಹೊತ್ತು ಉಪವಾಸ. ತಂಗಿಯ ಮದುವೆ ಮಾಡಬೇಕಾದ ಹುಡುಗನಿಗೆ ಸನ್ಯಾಸಿಯ ಧೈರ್ಯವನ್ನು ಪಾಠ ಹೇಳುವುದು ಸುಲಭದ ಮಾತಲ್ಲ.

ನಷ್ಟವನ್ನು ಹಂಚಿಕೊಂಡು ಬದುಕಿದ ಒಂದು ಅಂಗಡಿಯನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ. ಎಪ್ಪತ್ತರ ದಶಕದ ಹಿರಿಯೂರು. ನಮ್ಮ ಬೀದಿಯ ತುದಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದು ಬಾವಿ ಪಂಪಿನ ಮೋಟಾರುಗಳು ಸುಟ್ಟು, ಎತ್ತಿನ ಗಾಡಿಯಲ್ಲಿ ಬರುತ್ತಿದ್ದವು. ಮಾಲೀಕ ಏಳನೇ ಕ್ಲಾಸಿನವರೆಗೆ ಓದಿದವನು. ಸುಟ್ಟ ಕಾಯಿಲನ್ನು ಉಳಿಯಿಂದ ಕತ್ತರಿಸಿ ಎಳೆದು, ಎಳೆಗಳನ್ನು ಎಣಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿಕೊಳ್ಳುತ್ತಿದ್ದ. ಹೊಸ ತಂತಿ ಸುತ್ತಿ, ಸ್ಲಾಟಿನ ಬಾಯಿಗೆ ಬಿದಿರಿನ ಚಕ್ಕೆ ಬಡಿದು, ವಾರ್ನಿಷ್ ಸುರಿದು, ಇದ್ದಿಲ ಒಲೆಯ ಕಾವಿನಲ್ಲಿ ಒಣಗಿಸುತ್ತಿದ್ದ. ಕರೆಂಟಿನ ಲೈನಿನ ತುದಿಯ ಊರಿನ ಮೋಟಾರಾದರೆ ಕಂಪನಿಯವರು ಸುತ್ತಿದ್ದಕ್ಕಿಂತ ಸುತ್ತು ಕಮ್ಮಿ ಮಾಡಿ, ತಂತಿಯನ್ನು ಒಂದು ಗೇಜು ದಪ್ಪ ಹಾಕುತ್ತಿದ್ದ. ಕಡಿಮೆ ವೋಲ್ಟೇಜಿನಲ್ಲೂ ಅದು ಏಳುತ್ತಿತ್ತು. ಯಾವ ಊರಿಗೆ ಎಷ್ಟು ಸುತ್ತು ಎಂಬುದು ಅವನ ತಲೆಯಲ್ಲೇ ಇತ್ತು. ತಾಮ್ರದ ವ್ಯಾಪಾರಿ ಅವನಿಗೆ ಉದ್ದರಿ ಕೊಡುತ್ತಿದ್ದ, ಅವನು ರೈತರಿಗೆ ಉದ್ದರಿ ಕೊಡುತ್ತಿದ್ದ, ಶೇಂಗಾ ಬಂದಾಗ ಎಲ್ಲರ ಲೆಕ್ಕ ಚುಕ್ತಾ. ಸುತ್ತಿದ್ದು ವಾರದಲ್ಲಿ ಸುಟ್ಟರೆ ಮಜೂರಿ ಅವನದು ಹೋಗುತ್ತಿತ್ತು, ತಂತಿಯ ದುಡ್ಡಿಗೆ ವ್ಯಾಪಾರಿ ಕಾಯುತ್ತಿದ್ದ, ರೈತ ಎರಡು ದಿನದ ನೀರು ಕಳೆದುಕೊಳ್ಳುತ್ತಿದ್ದ.

ಹಾಗೆಂದು ಅದನ್ನು ಹಾಡಿ ಹೊಗಳಲಾರೆ. ನನ್ನ ವಯಸ್ಸಿನ ಇಬ್ಬರು ಹುಡುಗರು ಶಾಲೆ ಬಿಟ್ಟು ಅಲ್ಲಿ ವಾರ್ನಿಷ್‌ನಲ್ಲಿ ಕೈ ಅದ್ದುತ್ತಿದ್ದರು. ಸಂಬಳವೆಂದರೆ ಸಂತೆಯ ದಿನದ ಚಿಲ್ಲರೆ. ದೀಪಾವಳಿಗೆ ಗೋಡೆಗೆ ಸುಣ್ಣ ಹೊಡೆದಾಗ ವರ್ಷದ ಗೀಟುಗಳೆಲ್ಲ ಅಳಿಸಿಹೋಗುತ್ತಿದ್ದವು. ಅವನು ಸತ್ತ ಮೇಲೆ ಲೈನಿನ ತುದಿಯ ಊರುಗಳ ಲೆಕ್ಕ ಯಾರಿಗೂ ಉಳಿಯಲಿಲ್ಲ. ಕಾಲೇಜೊಂದು ಆ ಅಂಗಡಿಗೆ ಒಬ್ಬ ವಿದ್ಯಾರ್ಥಿಯನ್ನು ನೋಟ್‌ಬುಕ್ಕು, ಮೀಟರು ಕೊಟ್ಟು ಕಳಿಸಿದ್ದರೆ ಒಳ್ಳೆಯ ಪ್ರಬಂಧವೂ ಒಳ್ಳೆಯ ಮೋಟಾರೂ ಹುಟ್ಟುತ್ತಿದ್ದವು. ಅಂಗಡಿಯವನಿಗೆ ಅಳೆದು ಬರೆಯುವುದು ಗೊತ್ತಿರಲಿಲ್ಲ, ಅಳೆದು ಬರೆಯುವುದು ಗೊತ್ತಿದ್ದವರು ಅಂಗಡಿಗೆ ಬರಲಿಲ್ಲ.

ಮುಂದೆ ಧೈರ್ಯದ ಇನ್ನೊಂದು ಅವತಾರವನ್ನೂ ಕಂಡೆ. ಎರಡು ಸಾವಿರದ ಆಚೆಗೆ ಅದಿರಿನ ಬೆಲೆ ಏರಿದಾಗ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಪದವೀಧರರು ಟಿಪ್ಪರ್ ಕೊಳ್ಳಲು ಸಾಲುಗಟ್ಟಿದರು. ಸಾವಿರಕ್ಕೆ ಅಳುಕುತ್ತಿದ್ದ ಮನೆಗಳು ಲಕ್ಷಗಳಿಗೆ ಸಹಿ ಹಾಕಿದವು. ಪಕ್ಕದ ಮನೆಯವನ ಕಂತು ಕಣ್ಣೆದುರೇ ತೀರುತ್ತಿತ್ತು, ಫೈನಾನ್ಸಿನವರು ಮನೆಬಾಗಿಲಿಗೇ ಬಂದು ದುಡ್ಡು ಕೊಡುತ್ತಿದ್ದರು. ಬಳ್ಳಾರಿಯ ಹಿಂದೆಯೇ 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರುಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ಗಣಿಗಾರಿಕೆಗೆ ಬೀಗ ಬಿದ್ದದ್ದು ಸರಿಯೇ. ಗಣಿ ಧಣಿಗಳಿಗೆ ತಡೆದುಕೊಳ್ಳುವ ತಾಕತ್ತಿತ್ತು. ಒಂದೇ ಟಿಪ್ಪರಿನವರ ಗಾಡಿಗಳು ಫೈನಾನ್ಸಿನವರ ಯಾರ್ಡ್ ಸೇರಿದವು. ಮೊದಲ ತಲೆಮಾರಿನ ಆ ಉದ್ಯಮಿಗಳ ತಮ್ಮಂದಿರು ಈಗ ಪಿಡಿಒ ಪರೀಕ್ಷೆಗೆ ಓದುತ್ತಾರೆ. ಅವರಿಗೆ ಉದ್ಯಮಶೀಲತೆ ಇಲ್ಲವೆಂದು ಯಾವ ಬಾಯಲ್ಲಿ ಹೇಳುವುದು?

ಈಗ ಮಾತಿನ ಧಾಟಿ ಬದಲಾಗಿದೆ. ಕರ್ನಾಟಕ 2015ರಲ್ಲೇ ಸ್ಟಾರ್ಟಪ್ ನೀತಿ ತಂದಿತು. 'ಎಲಿವೇಟ್' ಸ್ಪರ್ಧೆಯಲ್ಲಿ ಗೆದ್ದವರಿಗೆ 50 ಲಕ್ಷದವರೆಗೆ ನೆರವು ಸಿಗುತ್ತದೆ. 2018ರಿಂದ ಕಾಲೇಜುಗಳಲ್ಲಿ ಇನ್ನೋವೇಶನ್ ಕೌನ್ಸಿಲ್‌ಗಳಿವೆ. ಕೇಂದ್ರದ 2019ರ ನೀತಿ, ಸ್ಟಾರ್ಟಪ್ ಮಾಡುವ ವಿದ್ಯಾರ್ಥಿ ಒಂದು ಸೆಮಿಸ್ಟರೋ ವರ್ಷವೋ ಓದಿಗೆ ಬಿಡುವು ಕೊಟ್ಟು ಮತ್ತೆ ಬಂದು ಸೇರಬಹುದೆನ್ನುತ್ತದೆ. ಚಿತ್ರದುರ್ಗದ ಪಕ್ಕದ ಗುಡ್ಡದರಂಗವ್ವನಹಳ್ಳಿಯಲ್ಲೇ ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಓದಲು ಮೈಸೂರಿನ ಬಸ್ಸು ಹತ್ತಬೇಕಿಲ್ಲ. ಇವೆಲ್ಲ ನಮ್ಮ ಕಾಲದಲ್ಲಿ ಕನಸಿನಲ್ಲೂ ಇರಲಿಲ್ಲ. ಆದರೂ ಕಾಲೇಜುಗಳ ಐಡಿಯಾ ಸ್ಪರ್ಧೆಗಳಿಗೆ ನನ್ನಂಥ ನಿವೃತ್ತರನ್ನು ತೀರ್ಪುಗಾರರೆಂದು ಕರೆದಾಗ ನೋಡುತ್ತೇನೆ. ಸ್ಲೈಡ್ ಚೆನ್ನಾಗಿರುತ್ತದೆ, ಲೋಗೊ ಇರುತ್ತದೆ, ಪ್ರಮಾಣಪತ್ರ ಸಿಗುತ್ತದೆ. ಯಾರಾದರೂ ಒಬ್ಬರು ದುಡ್ಡು ಕೊಟ್ಟು ಕೊಂಡ ಒಂದು ಸಾಮಾನು ಮಾತ್ರ ಮೇಜಿನ ಮೇಲೆ ಇರುವುದು ಅಪರೂಪ.

ಇದಕ್ಕಿಂತ ಗಟ್ಟಿಯಾದ ಏರ್ಪಾಡು ಸದ್ದಿಲ್ಲದೆ ಬಬ್ಬೂರು ಫಾರಂನಂಥ ಕಡೆ ಇದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2015ರಲ್ಲಿ ತಂದ 'ಸ್ಟೂಡೆಂಟ್ ರೆಡಿ' ಕಾರ್ಯಕ್ರಮದಡಿ ಕೃಷಿ, ತೋಟಗಾರಿಕೆ ವಿದ್ಯಾರ್ಥಿಗಳು ಕೊನೆಯ ವರ್ಷ ಕೆಲವು ತಿಂಗಳು ಹಳ್ಳಿಯಲ್ಲಿದ್ದು ಬರುತ್ತಾರೆ. ಜೊತೆಗೆ ಅನುಭವದ ಕಲಿಕೆ ಎಂಬ ಘಟ್ಟವಿದೆ. ಕಾಲೇಜಿನ ಜಾಗ, ಕಾಲೇಜಿನ ಸಲಕರಣೆ ಬಳಸಿ ಸಸಿಯೋ ಜಾಮೋ ತಯಾರಿಸಿ, ತಾವೇ ನಿಂತು ಮಾರಿ, ಬಂದ ಲಾಭದಲ್ಲಿ ಪಾಲು ಪಡೆಯುತ್ತಾರೆ. ಜಾಮು ಸೀದುಹೋದರೆ ಅಂಕ ಕಮ್ಮಿ ಬಂದೀತು. ಅಪ್ಪನ ಪಹಣಿ ಮಾತ್ರ ಬೀರುವಿನಲ್ಲೇ ಇರುತ್ತದೆ. ಆ ತೆಂಗಿನಕಾಯಿಯ ಹುಡುಗನಿಗೆ ಬೇಕಿದ್ದದ್ದು ಇಷ್ಟೇ.

ತಂಗಿಯ ಮಗಳಿಗೆ ಅದನ್ನೇ ಹೇಳಿದೆ. "ಒಂದು ಸೀಸನ್ನು ಕಾಲೇಜಿನ ಘಟಕದಲ್ಲೇ ಮಾಡು. ಹೆದ್ದಾರಿಯ ಹೋಟೆಲುಗಳಿಗೆ ಬಾಟಲಿ ಹಾಕು. ಎಷ್ಟು ಹೋಯ್ತು, ಎಷ್ಟು ಹುಳಿಯಾಗಿ ವಾಪಸ್ ಬಂತು, ಎರಡನ್ನೂ ಬರೆದಿಡು. ಆಮೇಲೆ ಸಹಿ ಮಾತಾಡಾನ." ಅವಳು ಬಿಡುವ ಪೈಕಿಯಲ್ಲ. "ಕೋರ್ಸ್ ಮುಗಿದ ಮೇಲೆ ಆ ಘಟಕ ನಮ್ದಲ್ವಲ್ಲ ಮಾಮ. ಕಾಲೇಜಿನೊಳಗೆ ಮಾಡಿದ್ರೆ ಮಾರ್ಕ್ಸು, ಗೇಟು ದಾಟಿದ್ರೆ ಸಾಲ. ನಡುವೆ ಏನೈತೆ?" ಎಂದಳು.

ನಡುವೆ ಹೆಚ್ಚೇನೂ ಇಲ್ಲ. ಸಣ್ಣ ಆಹಾರ ಘಟಕಗಳಿಗೆಂದು 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಶೇ 35ರಷ್ಟು, 10 ಲಕ್ಷದವರೆಗೆ ಸಹಾಯಧನ ಇಟ್ಟಿದ್ದರು. ಮಿಕ್ಕದ್ದು ಮತ್ತೆ ಸಾಲವೇ, ಮತ್ತೆ ಮನೆಯವರ ಸಹಿಯೇ. ಆ ನಡುವಿನ ಒಂದೆರಡು ವರ್ಷವನ್ನು ವಿಶ್ವವಿದ್ಯಾಲಯಗಳು ತುಂಬಬಹುದು. ಓದು ಮುಗಿಸಿದವರಿಗೂ ಘಟಕವನ್ನು ಬಾಡಿಗೆಗೆ ಬಿಡಬಹುದು. ತಮ್ಮ ಹಾಸ್ಟೆಲು, ಕ್ಯಾಂಟೀನುಗಳಿಗೆ ತಮ್ಮ ಹುಡುಗರ ಸರಕನ್ನೇ ಮೊದಲು ಕೊಳ್ಳಬಹುದು. ಬಹುಮಾನದ ಚೆಕ್ಕಿಗಿಂತ ಮೊದಲ ಆರ್ಡರು ದೊಡ್ಡದು. ಸ್ಪರ್ಧೆಗೆ ಖರ್ಚಾಗುವ ದುಡ್ಡಿನಲ್ಲಿ ಒಂದು ಪಾಲನ್ನು ಪ್ರಾಮಾಣಿಕವಾಗಿ ಲೆಕ್ಕ ಬರೆದು ಸೋತವರ ಮೊದಲ ನಷ್ಟಕ್ಕೆಂದು ಎತ್ತಿಡಬಹುದು. ದುಡ್ಡು ನುಂಗುವವರೂ ಇರುತ್ತಾರೆ, ಗೊತ್ತು. ಬ್ಯಾಂಕಿನಲ್ಲಿ ಅಂಥವರನ್ನು ಸಾಕಷ್ಟು ನೋಡಿದ್ದೇನೆ. ಬರೆದ ಲೆಕ್ಕ ಓದಲು ಬಂದವರಿಗೆ ಕಳ್ಳನೂ ಸೋತವನೂ ಬೇರೆಬೇರೆಯಾಗಿ ಕಾಣುತ್ತಾರೆ.

ಇಷ್ಟೆಲ್ಲ ಒಂದೇ ಸಲಕ್ಕೆ ಆಗದೆಂದು ಬಲ್ಲೆ. ಅದಕ್ಕೇ ಹೋದ ಸ್ಪರ್ಧೆಯಲ್ಲಿ ತೀರ್ಪುಗಾರರ ನಮೂನೆಗೆ ಒಂದು ಪ್ರಶ್ನೆ ಸೇರಿಸಿ ಎಂದು ಪ್ರಾಂಶುಪಾಲರಿಗೆ ಚೀಟಿ ಬರೆದುಕೊಟ್ಟು ಬಂದೆ. ಹೊಸತನಕ್ಕೆ ಹತ್ತು ಅಂಕ, ಮಾರುಕಟ್ಟೆಗೆ ಹತ್ತು, ಮಂಡನೆಗೆ ಹತ್ತು ಇರಲಿ. ಅದರ ಕೆಳಗೆ, ಇದು ಸೋತರೆ ನಷ್ಟ ಯಾರ ಲೆಕ್ಕಕ್ಕೆ ಎಂಬ ಸಾಲಿರಲಿ. ಅದಕ್ಕೆ ಉತ್ತರ ಬರೆಯಬೇಕಾದವರು ವಿದ್ಯಾರ್ಥಿಗಳಲ್ಲ, ಸ್ಪರ್ಧೆ ನಡೆಸುವವರು.